ಕೋಶ ನೋಡಿ, ಆಮೇಲೆ ಡಿಎನ್‌ಎ ಓದಿ: ಪ್ರೋಟಿಸ್ಟ್‌ಗಳ ಜೊತೆ ನನ್ನ ಅನುಭವ

ಅಮೀಬಾ, ಪ್ಯಾರಮೀಸಿಯಂ, ಯೂಗ್ಲೀನಾ. ಪ್ರೋಟಿಸ್ಟ್ (ಪ್ರಾಣಿ, ಗಿಡ, ಶಿಲೀಂಧ್ರ ಯಾವುದೂ ಅಲ್ಲದ, ನ್ಯೂಕ್ಲಿಯಸ್ ಇರುವ, ಹೆಚ್ಚಾಗಿ ಒಂದೇ ಕೋಶದ ಜೀವಿ) ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಶಾಲೆಯ ಪುಸ್ತಕದ ಈ ಮೂರೇ. ಒಂದೇ ಪುಟದಲ್ಲಿ ಅಕ್ಕಪಕ್ಕ ಬಿಡಿಸಿರುತ್ತಾರಲ್ಲ, ಹಾಗಾಗಿ ಮೂರೂ ಒಂದೇ ಬಳಗದವು ಅಂತ ಮನಸ್ಸಿನಲ್ಲಿ ಕೂತುಬಿಡುತ್ತದೆ. ಡಿಎನ್‌ಎ ಓದಿದರೆ ಕಥೆಯೇ ಬೇರೆ. ಅಮೀಬಾಗೆ ಪ್ಯಾರಮೀಸಿಯಂಗಿಂತ ಮನುಷ್ಯರೇ ಹತ್ತಿರದ ನೆಂಟರು. ಯಾರು ಯಾರ ನೆಂಟರು ಅಂತ ತೋರಿಸುವ ಜೀವವೃಕ್ಷದಲ್ಲಿ ಪ್ಯಾರಮೀಸಿಯಂ ಮಲೇರಿಯಾ ಪರಾವಲಂಬಿ ಇರುವ ಕೊಂಬೆಗೆ ಸೇರಿದ್ದು. ಯೂಗ್ಲೀನಾದ ನೆಂಟರಲ್ಲಿ ನಿದ್ರೆ ರೋಗ ತರುವ ಟ್ರಿಪನೋಸೋಮಾಗಳಿವೆ. ಪ್ರಾಣಿ, ಗಿಡ, ಶಿಲೀಂಧ್ರ ಇವೆಲ್ಲ ಆ ದೊಡ್ಡ ಮರದ ಕೆಲವು ಕೊಂಬೆಗಳು ಅಷ್ಟೇ, ಉಳಿದ ಕೊಂಬೆಗಳಲ್ಲಿ ಬಹುಪಾಲು ಈ ಏಕಕೋಶಿಗಳದ್ದೇ.

ನಾನು ಮಾಡುವುದು ಇಷ್ಟು. ಕೊಳದ ನೀರು, ಕೆಸರು, ಮಣ್ಣು ತಂದು ಅದರಲ್ಲಿ ಯಾವ ಯಾವ ಪ್ರೋಟಿಸ್ಟ್‌ಗಳಿವೆ, ಅವು ಆ ಮರದಲ್ಲಿ ಎಲ್ಲಿ ಕೂರುತ್ತವೆ ಅಂತ ಹುಡುಕುತ್ತೇನೆ. ಈ ಕೆಲಸ ಮಾಡ್ತಾ ಮಾಡ್ತಾ ನನಗೆ ಒಂದು ಮಾತು ಗಟ್ಟಿಯಾಗಿದೆ. ಡಿಎನ್‌ಎ ಓದುವುದು ಈಗ ಕಷ್ಟವಲ್ಲ. ಆದರೆ ಓದಿದ್ದು ಯಾರದು, ಅದು ನೋಡಲು ಹೇಗಿದೆ, ಹೇಗೆ ಈಜುತ್ತದೆ, ಏನು ತಿನ್ನುತ್ತದೆ ಅಂತ ಹೇಳಬೇಕಾದರೆ ಅದೇ ಕೋಶವನ್ನು ಯಾರಾದರೂ ಕಣ್ಣಾರೆ ನೋಡಿರಬೇಕು. ನನ್ನ ಕೆಲಸದ ಕ್ರಮವನ್ನೆಲ್ಲ ಇದರ ಸುತ್ತಲೇ ಕಟ್ಟಿಕೊಂಡಿದ್ದೇನೆ.

ಸ್ಯಾಂಪಲ್ ತಂದ ದಿನವೇ ಮೈಕ್ರೋಸ್ಕೋಪ್ ಕೆಳಗೆ ಇಡುತ್ತೇನೆ, ಜೀವಂತವಾಗಿ. ತಡ ಮಾಡಿದರೆ ಒಂದು ಇನ್ನೊಂದನ್ನು ತಿಂದು ಮುಗಿಸುತ್ತದೆ, ಬ್ಯಾಕ್ಟೀರಿಯಾ ಜಾಸ್ತಿಯಾಗುತ್ತದೆ, ಬೇಗ ಬೆಳೆಯುವ ಸಿಲಿಯೇಟ್‌ಗಳು (ಮೈಮೇಲೆ ಸಣ್ಣ ಕೂದಲಿನಂಥ ಎಳೆಗಳಿರುವ, ಪ್ಯಾರಮೀಸಿಯಂನಂಥವು) ಜಾಗ ಹಿಡಿಯುತ್ತವೆ. ಫೋಟೋಗಿಂತ ವೀಡಿಯೋ ಒಳ್ಳೆಯದು, ಯಾಕೆಂದರೆ ಚಾಟಿಯಂಥ ಬಾಲದಿಂದ ಈಜುವ ಸಣ್ಣ ಫ್ಲಾಜೆಲೇಟ್‌ಗಳಲ್ಲಿ ಆಕಾರಕ್ಕಿಂತ ಚಲನೆಯೇ ಹೆಚ್ಚು ಹೇಳುತ್ತದೆ. ಎಣಿಕೆ ಮಾಡುವವರು ನೀರಿಗೆ ಲೂಗಾಲ್ ಅಯೋಡಿನ್ ಹಾಕಿ ಇಡುತ್ತಾರೆ. ಕೋಶದ ಆಕಾರ ಉಳಿಯಲು ಅದು ಚೆನ್ನಾಗಿದೆ, ಆದರೆ ಪಿಸಿಆರ್‌ಗೆ, ಅಂದರೆ ಡಿಎನ್‌ಎ ತುಣುಕಿನ ಪ್ರತಿಗಳನ್ನು ಲಕ್ಷಗಟ್ಟಲೆ ಮಾಡುವ ವಿಧಾನಕ್ಕೆ, ತೊಂದರೆ ಕೊಡುತ್ತದೆ. ಅದಕ್ಕೇ ಡಿಎನ್‌ಎಗೆ ಬೇರೆ ಪಾಲು ಎತ್ತಿಡುತ್ತೇನೆ. ಮೊದಲು ದೊಡ್ಡ ಜಾಲರಿಯಲ್ಲಿ ಸೋಸಿ ನೀರಿನ ಪುಟ್ಟ ಪ್ರಾಣಿಗಳನ್ನು ತೆಗೆಯುತ್ತೇನೆ. ಆಮೇಲೆ 0.2 ಮೈಕ್ರಾನ್ ರಂಧ್ರದ ಫಿಲ್ಟರ್‌ನಲ್ಲಿ ಸೋಸಿ, ಆ ಫಿಲ್ಟರನ್ನು ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇನೆ. ಅಷ್ಟು ಸಣ್ಣ ರಂಧ್ರ ಯಾಕೆ ಅಂದರೆ ಸಮುದ್ರದ ಹಸಿರು ಪಾಚಿ ಆಸ್ಟ್ರಿಯೋಕಾಕಸ್ ಸುಮಾರು 0.8 ಮೈಕ್ರಾನ್ ಅಷ್ಟೇ ಇರುತ್ತದೆ, ನ್ಯೂಕ್ಲಿಯಸ್ ಇರುವ ಕೋಶವೂ ಅಷ್ಟು ಚಿಕ್ಕದಾಗಿರಬಹುದು.

ಮಣ್ಣಿನ ಕೆಲಸ ಹೆಚ್ಚು ತಾಳ್ಮೆ ಬೇಡುತ್ತದೆ. ಮಣ್ಣಿನ ಹ್ಯೂಮಿಕ್ ಆಮ್ಲ ಡಿಎನ್‌ಎ ಜೊತೆಗೇ ಬಂದು ಪಿಸಿಆರ್ ನಿಲ್ಲಿಸಿಬಿಡುತ್ತದೆ. ದ್ರಾವಣದ ಬಣ್ಣ ಕಂದಾಗಿದ್ದರೆ ಅದೇ ಸೂಚನೆ. ಹತ್ತು ಪಟ್ಟು ನೀರು ಬೆರೆಸಿ ತೆಳು ಮಾಡಿ ನೋಡಿದರೆ ಎಷ್ಟೋ ಸಲ ಪಿಸಿಆರ್ ನಡೆಯುತ್ತದೆ. ಗಟ್ಟಿ ಚಿಪ್ಪಿನ ಅಮೀಬಾ, ಒಣಗಿ ಕೂತ ಸಿಸ್ಟ್ (ಗಟ್ಟಿ ಹೊದಿಕೆಯೊಳಗೆ ಮಲಗಿದ ಕೋಶ) ಇವನ್ನು ಒಡೆಯಲು ಸಣ್ಣ ಮಣಿಗಳ ಜೊತೆ ಜೋರಾಗಿ ಅಲುಗಾಡಿಸಬೇಕು. ಆ ಹಂತ ಬಿಟ್ಟರೆ ಮೆತ್ತನೆ ಕೋಶಗಳದ್ದೇ ಪಟ್ಟಿ ಸಿಗುತ್ತದೆ.

ನಾವು ಓದುವುದು ಹೆಚ್ಚಾಗಿ 18ಎಸ್ ಜೀನ್. ಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮಿನ ಒಂದು ಭಾಗವನ್ನು ಮಾಡುವ ಜೀನ್ ಇದು, ಉದ್ದ ಸುಮಾರು 1,800 ಅಕ್ಷರ. ರೈಬೋಸೋಮ್ ಇಲ್ಲದ ಪ್ರೋಟಿಸ್ಟೇ ಇಲ್ಲ, ಹಾಗಾಗಿ ಎಲ್ಲರಲ್ಲೂ ಸಿಗುತ್ತದೆ. ಕೆಲವು ಭಾಗ ಎಲ್ಲರಲ್ಲೂ ಹೆಚ್ಚುಕಮ್ಮಿ ಒಂದೇ ಥರ, ಕೆಲವು ಭಾಗ ಒಬ್ಬೊಬ್ಬರಲ್ಲಿ ಒಂದೊಂದು ಥರ. ಒಂದೇ ಥರ ಇರುವಲ್ಲಿ ಪ್ರೈಮರ್ (ಪಿಸಿಆರ್ ಶುರುವಾಗಲು ಬೇಕಾದ ಚಿಕ್ಕ ಡಿಎನ್‌ಎ ತುಂಡು) ಕೂರಿಸಿ, ಬದಲಾಗುವ ಭಾಗವನ್ನು ಓದುತ್ತೇವೆ. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಇದೇ ರೈಬೋಸೋಮ್ ಆರ್‌ಎನ್‌ಎ ಹೋಲಿಸಿ ಆರ್ಕಿಯಾ ಎಂಬ ನ್ಯೂಕ್ಲಿಯಸ್ ಇಲ್ಲದ ಸೂಕ್ಷ್ಮಜೀವಿಗಳನ್ನು ಬ್ಯಾಕ್ಟೀರಿಯಾದಿಂದ ಬೇರೆ ಮಾಡಿದ್ದು. ನಾನು ಸಾಮಾನ್ಯವಾಗಿ ವಿ4 ಅನ್ನುವ ಭಾಗ ತೆಗೆದುಕೊಳ್ಳುತ್ತೇನೆ, ಸುಮಾರು 400 ಅಕ್ಷರ ಸಿಗುತ್ತದೆ. ವಿ9 ಇನ್ನೂ ಚಿಕ್ಕದು, 130ರ ಆಸುಪಾಸು. ಚಿಕ್ಕದಾದಷ್ಟೂ ಮರದಲ್ಲಿ ಜಾಗ ಹುಡುಕುವುದು ಕಷ್ಟ, ಅದಕ್ಕೇ ನನಗೆ ವಿ4 ಇಷ್ಟ.

ಸೀಕ್ವೆನ್ಸ್, ಅಂದರೆ ಓದಿದ ಅಕ್ಷರಗಳ ಸಾಲು, ಬಂದ ಮೇಲೆ ಕಂಪ್ಯೂಟರ್ ಕೆಲಸ. ಡಾಡಾ2 ಎಂಬ ಸಾಫ್ಟ್‌ವೇರ್ ಓದಿನ ತಪ್ಪುಗಳನ್ನು, ಪಿಸಿಆರ್‌ನಲ್ಲಿ ಎರಡು ಜೀವಿಗಳ ತುಂಡು ಸೇರಿ ಆಗುವ ಸುಳ್ಳು ಸೀಕ್ವೆನ್ಸ್‌ಗಳನ್ನು ತೆಗೆದುಹಾಕುತ್ತದೆ. ಉಳಿದದ್ದನ್ನು ಪಿಆರ್2 ಎಂಬ ಪ್ರೋಟಿಸ್ಟ್ ಡೇಟಾಬೇಸ್ ಜೊತೆ ಹೋಲಿಸಿದರೆ ಹೆಸರುಗಳ ಉದ್ದ ಪಟ್ಟಿ ಸಿಗುತ್ತದೆ. ಇಲ್ಲಿ ದಯವಿಟ್ಟು ನಿಧಾನ ಮಾಡಿ. ಪಟ್ಟಿಯ ಪಕ್ಕದಲ್ಲಿರುವ ಸಂಖ್ಯೆ ನೋಡಿ "ಈ ಕೊಳದಲ್ಲಿ ಅರ್ಧದಷ್ಟು ಸಿಲಿಯೇಟ್‌ಗಳೇ" ಅಂತ ಬರೆಯುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಆ ಸಂಖ್ಯೆ ಕೋಶಗಳ ಎಣಿಕೆಯಲ್ಲ, ಆ ಸೀಕ್ವೆನ್ಸ್ ಎಷ್ಟು ಸಲ ಓದಿಗೆ ಸಿಕ್ಕಿತು ಅನ್ನುವುದು. ಟೆಟ್ರಹೈಮಿನಾ ಎಂಬ ಸಿಲಿಯೇಟ್‌ನ ಒಂದೇ ಕೋಶದ ದೊಡ್ಡ ನ್ಯೂಕ್ಲಿಯಸ್‌ನಲ್ಲಿ ಈ ಜೀನಿನ ಸುಮಾರು 9,000 ಪ್ರತಿಗಳಿವೆ. ಪುಟ್ಟ ಹಸಿರು ಪಾಚಿಗಳಲ್ಲಿ ಕೆಲವೇ ಪ್ರತಿ. ಒಂದು ಸಿಲಿಯೇಟ್ ಸಾವಿರಾರು ಪಾಚಿಗಳಷ್ಟು ಸದ್ದು ಮಾಡುತ್ತದೆ. ಇನ್ನೊಂದು ಕಡೆ ಫೊರಾಮಿನಿಫೆರಾ ಎಂಬ, ಹೆಚ್ಚಾಗಿ ಚಿಪ್ಪಿರುವ ಪ್ರೋಟಿಸ್ಟ್‌ಗಳ 18ಎಸ್ ವಿಪರೀತ ಉದ್ದ, ತುಂಬಾ ಬದಲಾಗಿಯೂ ಇದೆ. ಸಾಮಾನ್ಯ ಪ್ರೈಮರ್‌ಗಳು ಅವನ್ನು ಹಿಡಿಯದೇ ಹೋಗಬಹುದು. ಹಾಗಾಗಿ ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ನೀರಿನಲ್ಲಿ ಇಲ್ಲ ಅಂತ ಅರ್ಥವಲ್ಲ. ಮೊದಲ ದಿನ ತೆಗೆದ ವೀಡಿಯೋ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಂಡಿದ್ದು ಪಟ್ಟಿಯಲ್ಲಿ ಇದೆಯಾ, ಪಟ್ಟಿಯಲ್ಲಿದ್ದದ್ದು ಕಂಡಿತ್ತಾ, ಎರಡನ್ನೂ ಇಟ್ಟು ನೋಡುತ್ತೇನೆ. ಹೊಂದದೇ ಇರುವ ಜಾಗಗಳಿಂದಲೇ ಮುಂದಿನ ಕೆಲಸ ಹುಟ್ಟುವುದು.

ಆ ಮುಂದಿನ ಕೆಲಸ ಅಂದರೆ ಒಂದೇ ಒಂದು ಕೋಶವನ್ನು ಹೆಕ್ಕುವುದು. ಇದರಷ್ಟು ಖುಷಿ ಕೊಡುವ ಭಾಗ ಬೇರೆ ಇಲ್ಲ. ಸಣ್ಣ ಗಾಜಿನ ಕೊಳವೆಯನ್ನು ಉರಿಯಲ್ಲಿ ಕಾಯಿಸಿ ಎಳೆದರೆ ಕೂದಲಿನಷ್ಟು ತೆಳ್ಳಗಿನ ತುದಿ ಬರುತ್ತದೆ. ತುದಿಯ ಅಗಲ ಕೋಶಕ್ಕಿಂತ ಸ್ವಲ್ಪವೇ ಜಾಸ್ತಿ ಇರಬೇಕು. ಅಗಲವಾದರೆ ಪಕ್ಕದವರೂ ಒಳಗೆ ಬರುತ್ತಾರೆ, ಕಿರಿದಾದರೆ ಕೋಶ ಒಡೆಯುತ್ತದೆ. ಮೈಕ್ರೋಸ್ಕೋಪ್ ನೋಡುತ್ತಾ ಆ ಕೋಶವನ್ನು ಹೀರಿ, ಸೋಸಿದ ಶುದ್ಧ ನೀರಿನ ಹನಿಗೆ ಬಿಡುತ್ತೇನೆ. ಅಲ್ಲಿಂದ ಇನ್ನೊಂದು ಹನಿಗೆ, ಮತ್ತೊಂದು ಹನಿಗೆ, ಸುತ್ತ ಬೇರೆ ಯಾವ ಕೋಶವೂ ಕಾಣದ ತನಕ. ಕೊನೆಯ ಹನಿಯಲ್ಲಿ ಫೋಟೋ. ಆಮೇಲೆ ಪಿಸಿಆರ್ ಟ್ಯೂಬ್.

ಕೊನೆಯ ಹನಿಯ ನೀರನ್ನೂ, ಕೋಶ ತೆಗೆದ ಮೇಲೆ, ಇನ್ನೊಂದು ಟ್ಯೂಬಿಗೆ ಹಾಕಿ ಅದರದ್ದೂ ಪಿಸಿಆರ್ ಮಾಡುತ್ತೇನೆ. ಅದರಲ್ಲಿ ಏನೂ ಬರಬಾರದು. ಬಂದರೆ ಆ ಕೋಶದ ಸೀಕ್ವೆನ್ಸ್ ಮೇಲೆ ನನಗೆ ನಂಬಿಕೆ ಇರುವುದಿಲ್ಲ.

ಹಾಗೆ ತೊಳೆದರೂ ಕೋಶದ ಒಳಗಿರುವುದನ್ನು ತೊಳೆಯಲು ಆಗಲ್ಲ. ಪಾಚಿ ತಿಂದ ಸಿಲಿಯೇಟ್‌ನ ಹೊಟ್ಟೆಯಲ್ಲಿ ಪಾಚಿಯ ಡಿಎನ್‌ಎ ಇರುತ್ತದೆ. ಅದಕ್ಕೇ ಶುದ್ಧ ನೀರಿನಲ್ಲಿ ಸ್ವಲ್ಪ ಹೊತ್ತು ಉಪವಾಸ ಬಿಡುತ್ತೇನೆ. ಪ್ಯಾರಮೀಸಿಯಂ ಬರ್ಸೇರಿಯಾದ ಒಳಗೆ ಹಸಿರು ಪಾಚಿಗಳು ಜೊತೆಗಾರರಾಗಿಯೇ ಬದುಕುತ್ತವೆ, ಅಲ್ಲಿ ಉಪವಾಸವೂ ನಡೆಯಲ್ಲ. ಎರಡೂ ಸೀಕ್ವೆನ್ಸ್ ಬರುತ್ತವೆ, ಯಾವುದು ಯಾರದು ಅಂತ ಆಮೇಲೆ ಬಿಡಿಸಬೇಕು.

ಬರಿಯ ಆಕಾರ ಎಷ್ಟು ದಾರಿ ತಪ್ಪಿಸುತ್ತದೆ ಅನ್ನುವುದು ಈ ಹಂತದಲ್ಲಿ ಚೆನ್ನಾಗಿ ಕಾಣುತ್ತದೆ. ಒಂದೇ ಜಾತಿ ಅಂದುಕೊಂಡಿದ್ದ ಪ್ಯಾರಮೀಸಿಯಂ ಆರೇಲಿಯಾವನ್ನು ಟ್ರೇಸಿ ಸೊನೆಬಾರ್ನ್ 1975ರಲ್ಲಿ 14 ಜಾತಿಗಳಾಗಿ ಹೆಸರಿಸಿದರು. ನೋಡಲು ಎಲ್ಲ ಒಂದೇ ಥರ, ಆದರೆ ಒಂದು ಇನ್ನೊಂದರ ಜೊತೆ ಕೂಡುವುದಿಲ್ಲ. ಒಂದೇ ಥರ ಕಂಡರೂ ದೂರದ ನೆಂಟರಾಗಿರುವುದೂ ಉಂಟು. ನೇಗ್ಲೇರಿಯಾ ಥೇಟ್ ಅಮೀಬಾದ ಥರ ಹರಿದಾಡುತ್ತದೆ, ಆದರೆ ಮರದಲ್ಲಿ ಅದು ಕೂರುವುದು ಯೂಗ್ಲೀನಾದ ಕಡೆ.

ಹಾಗಂತ ಒಂದೇ ಜೀನಿನ ಮರವನ್ನು ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. ಮೈಕ್ರೋಸ್ಪೊರಿಡಿಯಾ ಎಂಬ ಪರಾವಲಂಬಿಗಳದ್ದು ನಾನು ಎಲ್ಲ ವಿದ್ಯಾರ್ಥಿಗಳಿಗೂ ಹೇಳುವ ಕಥೆ. 1987ರಲ್ಲಿ ರೈಬೋಸೋಮ್ ಆರ್‌ಎನ್‌ಎ ನೋಡಿ ಅವನ್ನು ಮರದ ಬುಡದ ಹತ್ತಿರ ಇಟ್ಟರು. ಮೈಟೋಕಾಂಡ್ರಿಯ ಹುಟ್ಟುವ ಮೊದಲೇ ಕವಲೊಡೆದ ಪುರಾತನ ಜೀವಿಗಳು ಅಂತ ನಂಬಿದ್ದರು. ಆಮೇಲೆ ಬೇರೆ ಜೀನ್‌ಗಳನ್ನು ನೋಡಿದರೆ ಶಿಲೀಂಧ್ರಗಳ ಹತ್ತಿರದ ನೆಂಟರು. ಅವುಗಳ ಜೀನ್‌ಗಳು ತುಂಬಾ ವೇಗವಾಗಿ ಬದಲಾಗಿದ್ದವು, ಹೀಗೆ ಉದ್ದವಾದ ಕೊಂಬೆಗಳು ಮರ ಕಟ್ಟುವಾಗ ಸುಮ್ನೆ ಬುಡದ ಕಡೆ ಜಾರುತ್ತವೆ. ಮೈಟೋಕಾಂಡ್ರಿಯ ಕೂಡ ಪೂರ್ತಿ ಇಲ್ಲದೇ ಹೋಗಿರಲಿಲ್ಲ, ಕುಗ್ಗಿ ಹೋದ ತುಣುಕು ಒಳಗೇ ಸಿಕ್ಕಿತು.

ಅದಕ್ಕೇ ಆಳದ ಸಂಬಂಧ ತಿಳಿಯಬೇಕಾದರೆ ನೂರಾರು ಜೀನ್ ಬೇಕು. ಹೆಕ್ಕಿದ ಒಂದೇ ಕೋಶದ ಆರ್‌ಎನ್‌ಎಯನ್ನು ಸ್ಮಾರ್ಟ್-ಸೀಕ್2 ವಿಧಾನದಲ್ಲಿ ಹೆಚ್ಚಿಸಿ ಓದಿದರೆ ಅಷ್ಟು ಜೀನ್ ಸಿಗುವುದುಂಟು. ಇಲ್ಲಿ ಒಂದು ಎಚ್ಚರ. ಪ್ಯಾರಮೀಸಿಯಂ, ಟೆಟ್ರಹೈಮಿನಾಗಳಲ್ಲಿ ಯುಎಎ, ಯುಎಜಿ ಅನ್ನುವ ಅಕ್ಷರಗಳು ಬೇರೆ ಹೆಚ್ಚಿನ ಜೀವಿಗಳಲ್ಲಿ ಹೇಳುವ ಹಾಗೆ "ಪ್ರೋಟೀನ್ ಇಲ್ಲಿಗೆ ನಿಲ್ಲು" ಅಂತ ಹೇಳುವುದಿಲ್ಲ, ಗ್ಲುಟಮಿನ್ ಎಂಬ ಅಮೈನೋ ಆಮ್ಲ ಸೇರಿಸು ಅಂತ ಹೇಳುತ್ತವೆ. ಸಾಫ್ಟ್‌ವೇರ್‌ಗೆ ಸರಿಯಾದ ಕೋಡ್ ಪಟ್ಟಿ ಕೊಡದಿದ್ದರೆ ಪ್ರೋಟೀನ್‌ಗಳೆಲ್ಲ ತುಂಡು ತುಂಡಾಗಿ ಬರುತ್ತವೆ. ಆಮೇಲೆ ಮಾಫ್ಟ್ ಎಂಬ ಸಾಫ್ಟ್‌ವೇರ್‌ನಲ್ಲಿ ಸೀಕ್ವೆನ್ಸ್‌ಗಳನ್ನು ಒಂದರ ಕೆಳಗೊಂದು ಜೋಡಿಸಿ, ಐಕ್ಯೂ-ಟ್ರೀ ಎಂಬ ಇನ್ನೊಂದರಲ್ಲಿ ಮರ ಕಟ್ಟುತ್ತೇನೆ. ಪ್ರತಿ ಜೀನಿನ ಮರವನ್ನೂ ಬೇರೆಬೇರೆಯಾಗಿ ಕಣ್ಣಲ್ಲೇ ನೋಡುತ್ತೇನೆ, ತಿಂದ ಊಟದ ಜೀನ್ ಒಳಗೆ ನುಸುಳಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.

ಈ ದಾರಿಯಲ್ಲಿ ಏನು ಸಿಗಬಹುದು ಅನ್ನುವುದಕ್ಕೆ ಹೆಮಿಮಾಸ್ಟಿಗೊಫೋರಾ ನನಗೆ ತುಂಬಾ ಇಷ್ಟದ ಉದಾಹರಣೆ. ಈ ಜೀವಿಗಳನ್ನು ಮೈಕ್ರೋಸ್ಕೋಪಿನಲ್ಲಿ 19ನೇ ಶತಮಾನದಲ್ಲೇ ಕಂಡಿದ್ದರು, ಆದರೆ ಯಾರ ನೆಂಟರು ಅಂತ ಯಾರಿಗೂ ಗೊತ್ತಿರಲಿಲ್ಲ. ಕೆನಡಾದ ನೋವಾ ಸ್ಕೋಷಿಯಾದ ಮಣ್ಣಿನಲ್ಲಿ ಸಿಕ್ಕ ಕೋಶಗಳನ್ನು ಒಂದೊಂದಾಗಿ ಹೆಕ್ಕಿ ಓದಿ, 2018ರಲ್ಲಿ ಅದೊಂದು ಸ್ವತಂತ್ರ ದೊಡ್ಡ ಕೊಂಬೆ ಅಂತ ತೋರಿಸಿದರು. 2022ರಲ್ಲಿ ಪ್ರೊವೊರಾ ಎಂಬ ಇನ್ನೊಂದು ಕೊಂಬೆ ಬಂತು, ಬೇರೆ ಸೂಕ್ಷ್ಮಜೀವಿಗಳನ್ನು ಬೇಟೆಯಾಡುವ ಪುಟ್ಟ ಫ್ಲಾಜೆಲೇಟ್‌ಗಳದ್ದು. ಸಾಗರದಲ್ಲಂತೂ ಬಾಕಿ ಬೆಟ್ಟದಷ್ಟಿದೆ. 2009ರಿಂದ 2013ರವರೆಗೆ ಟಾರಾ ಎಂಬ ಸಂಶೋಧನಾ ಹಡಗು ತಂದ ಸ್ಯಾಂಪಲ್‌ಗಳ ವಿ9 ಓದಿದಾಗ ಸುಮಾರು 1,50,000 ಸೀಕ್ವೆನ್ಸ್ ಗುಂಪುಗಳ ಅಂದಾಜು ಬಂತು, ಅದರಲ್ಲಿ ಮೂರನೇ ಒಂದು ಭಾಗವನ್ನು ಗೊತ್ತಿರುವ ಯಾವ ಬಳಗಕ್ಕೂ ಸೇರಿಸಲಾಗಲಿಲ್ಲ. ಅದೇ ಓದಿನಲ್ಲಿ ಡಿಪ್ಲೊನೀಮಿಡ್ ಎಂಬ, ಯೂಗ್ಲೀನಾದ ನೆಂಟರಾದ ಏಕಕೋಶಿಗಳು ವಿಪರೀತ ವೈವಿಧ್ಯದವು ಅಂತ ತಿಳಿಯಿತು. ಆದರೆ ಹೇಗಿವೆ? 2016ರಲ್ಲಿ ಪೆಸಿಫಿಕ್ ನೀರಿನಿಂದ ಒಂದೊಂದೇ ಕೋಶ ಹೆಕ್ಕಿ, ಚಿತ್ರ ತೆಗೆದು, ಡಿಎನ್‌ಎ ಓದಿದ ಮೇಲೆ ಆ ಸೀಕ್ವೆನ್ಸ್‌ಗಳಿಗೆ ಮುಖ ಬಂತು. ಹಾಗೆ ಮುಖ ಇಲ್ಲದವು ಪ್ರತಿ ಕೊಳದಲ್ಲೂ, ಪ್ರತಿ ಹಿಡಿ ಮಣ್ಣಿನಲ್ಲೂ ಇವೆ.

ಅದಕ್ಕೇ ನಾನು ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಡಿಎನ್‌ಎ ಡೇಟಾಬೇಸ್‌ಗೆ ಸೀಕ್ವೆನ್ಸ್ ಸೇರಿಸುವಾಗ ಕೋಶದ ಫೋಟೋ, ವೀಡಿಯೋ, ಉದ್ದ ಅಗಲ, ಸಿಕ್ಕ ಜಾಗ ಇವೆಲ್ಲ ಸಾರ್ವಜನಿಕವಾಗಿ ಸಿಗುವಂತೆ ಮಾಡುತ್ತೇನೆ. ಇನ್ಯಾರದೋ ಪಟ್ಟಿಯಲ್ಲಿ ಹೆಸರಿಲ್ಲದೆ ಕೂತಿರುವ ಸಾಲಿಗೆ ಅದು ಗುರುತು ಕೊಡಬಹುದು. ಹೊಸದಾಗಿ ಶುರು ಮಾಡುವವರು ಕೋಶ ಹೆಕ್ಕುವುದನ್ನು ದೊಡ್ಡ ಸಿಲಿಯೇಟ್‌ಗಳಿಂದ ಕಲಿಯಿರಿ. ಅವು ಕಣ್ಣಿಗೆ ಚೆನ್ನಾಗಿ ಕಾಣುತ್ತವೆ, ಜೀನಿನ ಪ್ರತಿಗಳೂ ಜಾಸ್ತಿ ಇರುವುದರಿಂದ ಪಿಸಿಆರ್ ಬೇಗ ಕೈಗೂಡುತ್ತದೆ. ಬರಿಮೈ ಅಮೀಬಾಗಳನ್ನು ಕೈ ಪಳಗಿದ ಮೇಲೆ ಮುಟ್ಟಿ, ಅವು ಗಾಜಿಗೆ ಅಂಟಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ.