ಜಪಾನೀಸಲ್ಲಿ "ಹೌದಾ!" ಅನ್ನೋಕೆ ಸರಿಯಾದ ಮಾತು
ಜಪಾನೀಸ್ ಕಲೀತಿರೋರಿಗೆ ಒಂದು ಟಿಪ್, ಯಾರಾದ್ರೂ ನಿಮಗೆ ಗೊತ್ತೇ ಇಲ್ಲದ ವಿಷ್ಯ ಹೇಳಿದಾಗ "ಸೋ ದೆಸ್ ನೆ" ಅನ್ಬೇಡಿ, "ಸೋ ನನ್ ದೆಸ್ ಕಾ" ಅನ್ನಿ, ಫ್ರೆಂಡ್ಸ್ ಆದ್ರೆ "ಸೋ ನನ್ ದಾ" ಸಾಕು. ಯಾಕಂದ್ರೆ ಕೊನೇಲಿ ಬರೋ "ನೆ" ನಮ್ಮ "ಹೌದಲ್ವಾ" ಥರ, ನಂಗೂ ಗೊತ್ತು, ನಾನೂ ಒಪ್ತೀನಿ ಅಂತ ಅರ್ಥ ಬರುತ್ತೆ, ಹೊಸ ಸುದ್ದಿ ಕೇಳಿದ "ಹೌದಾ!" ಬೇಕಂದ್ರೆ "ನನ್" ಇರೋದು ಚೆನ್ನಾಗಿ ಹೊಂದುತ್ತೆ. ಅದಕ್ಕೂ ಮೊದಲು ಒಂದು ಉದ್ದದ "ಹೇಏ" ಸೇರಿಸಿದ್ರೆ ಇನ್ನೂ ಸಹಜ, ಆದ್ರೆ ರಾಗ ಮೇಲೇರ್ಬೇಕು, ಸಪ್ಪೆಯಾಗಿ ಎಳೆದ್ರೆ ಆಸಕ್ತಿ ಇಲ್ಲ ಅನ್ಸುತ್ತೆ. "ಹಾತ್ಸುಮಿಮಿ ದೆಸ್" ಅಂತಾನೂ ಅನ್ಬಹುದು, ಅಕ್ಷರಶಃ "ಮೊದಲ ಕಿವಿ", ಅಂದ್ರೆ ಇದೇ ಮೊದಲ ಸಲ ಕೇಳ್ತಿರೋದು, ನಂಗಂತೂ ತುಂಬಾ ಇಷ್ಟವಾದ ಪದ. ಆದ್ರೆ ಅವ್ರು ಮುಂಚೆ ಹೇಳಿದ್ದನ್ನೇ ಮತ್ತೆ ಹೇಳ್ತಿದ್ರೆ ಇದು ಎಡವಟ್ಟಾಗುತ್ತೆ, ಗಮನ ಕೊಟ್ಟಿರ್ಲಿಲ್ಲ ಅಂತ ಗೊತ್ತಾಗ್ಬಿಡುತ್ತೆ. "ಮಾಜಿ ದೆ?" (ನಿಜವಾಗ್ಲೂ?), "ಉಸೋ!" ಎರಡೂ ಆಪ್ತರ ಹತ್ರ ಮಾತ್ರ, "ಉಸೋ" ಅಂದ್ರೆ ಮೂಲದಲ್ಲಿ ಸುಳ್ಳು ಅಂತ, ಬಾಸ್ ಮುಂದೆ ಬೇಡ. "ನರುಹೊದೊ" (ಓ, ಹಾಗಾ, ಅರ್ಥವಾಯ್ತು) ಕೂಡ ಹಿರಿಯರಿಗೆ ಹೇಳಿದ್ರೆ ಕೆಲವ್ರಿಗೆ ಉದ್ಧಟತನ ಅನ್ಸುತ್ತೆ, ಅಲ್ಲಿ "ಸೋ ನನ್ ದೆಸ್ ಕಾ" ಸೇಫ್.