ಬೋಣಿ ಹೊತ್ತಿನಲ್ಲಿ ಚಾರ್ಶಿಗೆ ಹೋಗುವವರಿಗೆ

ಇಸ್ತಾಂಬುಲ್‌ಗೆ ಬಂದ ನಮ್ಮವರು ಮೊದಲ ತಿಂಗಳಲ್ಲೇ ಕಪಲಿಚಾರ್ಶಿ, ಅಂದರೆ ಛಾವಣಿಯ ಕೆಳಗಿನ ಹಳೆಯ ದೊಡ್ಡ ಸಂತೆ, ನೋಡಲು ಓಡುತ್ತಾರೆ. ನಾನೂ ಓಡಿದ್ದೆ. ವಾಸದ ಪರವಾನಗಿ, ತೆರಿಗೆ ನಂಬರು, ಬ್ಯಾಂಕ್ ಖಾತೆ ಇವನ್ನೆಲ್ಲ ಆಫೀಸಿನವರು ಹೇಳಿದ ಹಾಗೆ ಮಾಡಿ ಮುಗಿಸಿ. ಸಂತೆಯಲ್ಲಿ ಹೇಗಿರಬೇಕು ಅನ್ನೋದನ್ನು ಮಾತ್ರ ಅವರು ಹೇಳುವುದಿಲ್ಲ.

ನಾನು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಚೌಕಾಸಿ ಕಲಿತದ್ದು. ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದ ಒಂದು ತಾಮ್ರದ ಅಂಗಡಿಗೆ ಹೋದೆ. ವಯಸ್ಸಾದವರು ಚಹಾ ತರಿಸಿದರು. ಕಾಫಿ ಕಾಯಿಸುವ ಜೆಜ್ವೆಯನ್ನು ಹೇಳಿದ ಬೆಲೆಯ ಕಾಲು ಭಾಗಕ್ಕೆ ಕೇಳಿದೆ. ಅವರು ಇಳಿಸುತ್ತಾ ಇಳಿಸುತ್ತಾ ನನ್ನ ಬೆಲೆಗೇ ಬಂದರು. ಆಗ ಬೇಡ ಎಂದು ಎದ್ದೆ. ಅವರು 'ಸಿಫ್ತಾಹ್' ಎಂದು ಮೆಲ್ಲಗೆ ಏನೋ ಹೇಳಿದರು. ನನಗೆ ತಿಳಿಯಲಿಲ್ಲ. ತಿಂಗಳುಗಳಾದ ಮೇಲೆ ಪಕ್ಕದ ಮನೆಯ ಆಬ್ಲಾ, ಅಂದರೆ ಅಕ್ಕ, ಬಿಡಿಸಿ ಹೇಳಿದರು. ದಿನದ ಮೊದಲ ವ್ಯಾಪಾರ ಅದು. ಕೆಲವರು ಆ ಹಣವನ್ನು ಹಣೆಗೆ ಮುಟ್ಟಿಸಿಕೊಳ್ಳುತ್ತಾರೆ. ನಮ್ಮ ಬೋಣಿಯೇ ಅಲ್ವಾ! ಊರಿನಲ್ಲಿ ಬೋಣಿ ಹೊತ್ತಿಗೆ ಯಾರ ಅಂಗಡಿಯಿಂದಲೂ ಹಾಗೆ ಎದ್ದು ಬರುತ್ತಿರಲಿಲ್ಲ. ಇಲ್ಲಿ ಬಂದೆ. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಚಹಾ ಕುಡಿದ ಮಾತ್ರಕ್ಕೆ ಕೊಳ್ಳಬೇಕೆಂದಿಲ್ಲ, ಧಾರಾಳವಾಗಿ ಕುಡಿಯಿರಿ. ಆದರೆ ಕೊಳ್ಳುವ ಮನಸ್ಸಿಲ್ಲದೆ ಬೆಲೆ ಹೇಳಬೇಡಿ. ನೀವು ಹೇಳಿದ ಬೆಲೆಗೆ ಅವರು ಒಪ್ಪಿದರೆ ಕೊಂಡ ಹಾಗೆಯೇ. ಕೆಲಸದಲ್ಲಿರುವವರನ್ನು ಕಂಡರೆ 'ಕೊಲಾಯ್ ಗೆಲ್ಸಿನ್' ಅನ್ನಿ. ಕೆಲಸ ಹಗುರವಾಗಲಿ ಎಂಬ ಹಾರೈಕೆ ಅದು. ಮುಖ ಅರಳುತ್ತದೆ.

ಆಮೇಲೆ ಬೇರೆ ಕಡೆ ಅಗ್ಗದ ಜೆಜ್ವೆ ಕೊಂಡೆ. ಒಳಗೂ ಹೊರಗೂ ಬರೀ ಮೆರುಗೆಣ್ಣೆ. ಒಲೆಯ ಮೇಲೆ ಇಟ್ಟೊಡನೆ ವಾಸನೆ ಎದ್ದಿತು. ಅಡುಗೆಗೆ ಬೇಕಾದರೆ ಒಳಗೆ 'ಕಲಾಯ್', ಅಂದರೆ ತವರದ ಲೇಪ, ಇದೆಯೇ ಎಂದು ಕೇಳಿ. ಹೌದು, ಅಜ್ಜಿ ಬೀದಿಯಲ್ಲಿ ಕೂಗಿ ಕರೆಯುತ್ತಿದ್ದ ಕಲಾಯಿಯವನ ಅದೇ ಕಲಾಯಿ. ಊರಿನಲ್ಲಿ ಆ ಕೂಗು ನಿಂತು ಎಷ್ಟೋ ವರ್ಷವಾಯಿತು. ಇಲ್ಲಿ ಇನ್ನೂ ಹಾಕಿಕೊಡುವ ಉಸ್ತಾಗಳು, ಅಂದರೆ ಪಳಗಿದ ಕುಶಲಕರ್ಮಿಗಳು, ಸಿಗುತ್ತಾರೆ. ಮೊದಲ ಸಲ ಆ ಮಾತು ಕೇಳಿದಾಗ ನನಗೆ ಕಣ್ಣು ತುಂಬಿತು.

'ಚಿನಿ' ಎನ್ನುವ ಚಿತ್ರದ ಪಿಂಗಾಣಿ ತಟ್ಟೆಯಲ್ಲಿ ಮಾಡಿದ ತಪ್ಪು ಇನ್ನೂ ದೊಡ್ಡದು. ಚಿನಿಗೆ ಹೆಸರಾದ ಇಜ್ನಿಕ್ ಊರಿನ ಕೈಕೆಲಸ ಎಂದು ನಂಬಿ ತಂದೆ. ಅದು ಅಚ್ಚಿನ ಚಿತ್ರವಾಗಿತ್ತು. ಫೋನಿನ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿ. ಅಚ್ಚಾದರೆ ಸಣ್ಣ ಚುಕ್ಕಿಗಳು ಕಾಣುತ್ತವೆ. ಕೈಯದಾದರೆ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಇಜ್ನಿಕ್‌ ಮಾದರಿಯ ಮೈಯಲ್ಲಿ ಬೆಣಚುಕಲ್ಲಿನ ಪುಡಿ ಜಾಸ್ತಿ, ಬೆಲೆಯೂ ಜಾಸ್ತಿ. ಕುತಾಹ್ಯ ಊರಿನ ಕೈಕೆಲಸವೂ ಚೆಂದ, ಕೈಗೆಟುಕುತ್ತದೆ. ನಾನು ತಂದ ಆ ಅಚ್ಚಿನ ತಟ್ಟೆಯಲ್ಲಿ ಒಂದು ತಿಂಗಳು ಮಗಳಿಗೆ ಚಿತ್ರಾನ್ನ ಬಡಿಸಿದ್ದೆ. ಗೋಡೆಗೆಂದು ಮಾಡಿದ ತಟ್ಟೆಯ ಹೊಳಪಿನಲ್ಲಿ ಸೀಸ ಇರಬಹುದು, ಹುಳಿ ತಾಗಿದರೆ ಅದು ಊಟದೊಳಗೆ ಇಳಿಯುತ್ತದೆ. ದಯವಿಟ್ಟು ಊಟಕ್ಕೆ ಆಗುತ್ತದೆಯೇ ಎಂದು ಕೇಳಿಯೇ ಕೊಳ್ಳಿ.

ಕಪಲಿಚಾರ್ಶಿ 1450ರ ದಶಕದಲ್ಲಿ ಶುರುವಾದದ್ದು, ಸುಮಾರು 60 ಬೀದಿ. ಭಾನುವಾರ ಮುಚ್ಚಿರುತ್ತದೆ. ದೊಡ್ಡ ಬೀದಿಗಳಲ್ಲೇ ನಿಲ್ಲದೆ, ಸುತ್ತಲಿನ ಕುಶಲಕರ್ಮಿಗಳ ಹಳೆಯ ಕಟ್ಟಡಗಳಾದ ಹಾನ್‌ಗಳ ಅಂಗಳಕ್ಕೆ ಹೋಗಿ, ಅಲ್ಲಿ ಸುತ್ತಿಗೆಯ ಸದ್ದು ಕೇಳುತ್ತದೆ. ತುಂಬಾ ಹಳೆಯ ಸಾಮಾನನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ರಸೀದಿ ಇಟ್ಟುಕೊಳ್ಳಿ.

ಊರಿನ ಇಪ್ಪತ್ತು ಮನೆಗೆ ಏನು ಒಯ್ಯುವುದು? ನೀಲಿ ನಜರ್ ಮಣಿಯನ್ನು ಅಮ್ಮನಿಗೆ ವಿವರಿಸಬೇಕಾಗಲಿಲ್ಲ. ನದರು ಅಂದರೆ ಸಾಕಾಯಿತು. ಪ್ಲಾಸ್ಟಿಕ್ ಬೇಡ, ಗಾಜಿನದು ಕೊಳ್ಳಿ. ಬುಲ್ದಾನ್‌ನ ಹತ್ತಿ ಪೆಷ್ಟೆಮಾಲ್, ಅಂದರೆ ತೆಳು ಟವೆಲ್, ಊರಿನಲ್ಲಿ ನಿಜವಾಗಿ ಬಳಕೆಯಾಗುತ್ತದೆ. ಹೆಂಗಸರು ಸೂಜಿಯಲ್ಲಿ ಅಂಚು ಕಟ್ಟಿದ ಓಯಾ ವಸ್ತ್ರವೂ ಹಗುರ.

ನೆಲಹಾಸು ಕಿಲಿಮ್ ಕೊಳ್ಳಲು ಆತುರ ಬೇಡ. ಅದರಲ್ಲಿ ಗಂಟಿಲ್ಲ, ನಮ್ಮ ಜಮಖಾನದ ಹಾಗೆ ನೇಯ್ಗೆ ಮಾತ್ರ. ರತ್ನಗಂಬಳಿಯಾದರೆ ತಿರುಗಿಸಿ ಹಿಂದಿನ ಗಂಟು ನೋಡಿ. ನಾನು ನಮ್ಮ ಕಿಲಿಮನ್ನು ನೇಯ್ದವರ ಊರು ಕೇಳಿಯೇ ತಂದೆ. ಸೊಂಟದ ಮೇಲೆ ಕೈಯಿಟ್ಟು ನಿಂತ ಹೆಣ್ಣಿನ ಚಿತ್ತಾರಕ್ಕೆ ಇಲ್ಲಿ 'ಎಲಿಬೆಲಿಂದೆ' ಎನ್ನುತ್ತಾರೆ. ಮಗಳಿಗೆ ಆ ಹೆಸರು ಬಾಯಿಪಾಠ.

ಹೋದ ವರ್ಷ ಅವಳ ಶಾಲೆಯಲ್ಲಿ ನಿಮ್ಮ ನಾಡಿನ ಕೈಕೆಲಸ ಒಂದು ತನ್ನಿ ಎಂದರು. ಮನೆಯೆಲ್ಲ ಹುಡುಕಿದೆ. ಇದ್ದದ್ದೆಲ್ಲ ಇಲ್ಲಿಯದೇ. ನವಲಗುಂದ ನಮ್ಮ ಊರಿನಿಂದ ಒಂದು ಗಂಟೆಯ ದಾರಿ, ಅಲ್ಲಿನ ಹೆಂಗಸರು ನೇಯುವ ಜಮಖಾನದ ಮೇಲೆಯೇ ನಾನು ಮಲಗಿ ಬೆಳೆದದ್ದು. ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ. ರಜೆಯಲ್ಲಿ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ನವಿಲು ಇರುವ ಜಮಖಾನ ಕೊಂಡು ತಂದೆ. ಈಗ ಅದು ಕಿಲಿಮ್ ಪಕ್ಕದಲ್ಲೇ ಹಾಸಿದೆ. ಮಗಳು ಅದರ ಮೇಲೆ ಕೈಯಾಡಿಸುತ್ತಾ, "ಅಮ್ಮಾ, ಇದನ್ನ ನೇಯ್ದವರು ಯಾರು?" ಎಂದಳು.

ನಾನು ಕೇಳಿರಲಿಲ್ಲ. ಈ ಬೇಸಿಗೆ ರಜೆಗೆ ಅವಳನ್ನು ಕರೆದುಕೊಂಡು ನವಲಗುಂದಕ್ಕೇ ಹೋಗುತ್ತಿದ್ದೇನೆ.