ಕ್ಯೂರಿಂಗ್ ವರ್ಕ್ಸ್ ಇಆರ್‌ಪಿ: ಸ್ಟಾಕ್ ತಾಳೆಯಾಗದಿದ್ದರೆ ಹೀಗೆ ಮಾಡಿ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ವಿಂಗಡಿಸುವ ಕಾರ್ಖಾನೆ) ಒಂದರ ಇಆರ್‌ಪಿ, ಅಂದರೆ ಸ್ಟಾಕು, ಲೆಕ್ಕಪತ್ರವನ್ನೆಲ್ಲ ಒಂದೆಡೆ ನೋಡಿಕೊಳ್ಳುವ ಸಾಫ್ಟ್‌ವೇರ್. ತಿಂಗಳ ಕೊನೆಗೆ ಗೋಡೌನ್ ಸ್ಟಾಕಿಗೂ ಸಿಸ್ಟಂ ಸ್ಟಾಕಿಗೂ ತಾಳೆಯೇ ಆಗುತ್ತಿರಲಿಲ್ಲ.

ಪ್ರೋಗ್ರಾಮರ್‌ಗಳನ್ನು ಹೆಚ್ಚಿಸಿದರೂ ಪ್ರಯೋಜನವಾಗಲಿಲ್ಲ. ಹೊಸಬರಿಗೆ ಕಲಿಸುವುದರಲ್ಲೇ ಹಳಬರ ಹೊತ್ತು ಹೋಯಿತು. ಸರ್ವರ್ ಬದಲಿಸಿದ್ದೂ ದಂಡ.

ಕೈಹಿಡಿದದ್ದು, ಯಾವುದರಿಂದ ಯಾವುದಾಗುತ್ತಿದೆ ಎಂದು ಹಾಳೆಯ ಮೇಲೆ ಬಾಣ ಎಳೆದು ಬರೆದದ್ದು. ವ್ಯತ್ಯಾಸ ಬಂದೊಡನೆ ಗುಮಾಸ್ತರು ಅಡ್ಜಸ್ಟ್‌ಮೆಂಟ್ ಎಂಟ್ರಿ (ಸಿಸ್ಟಂ ಅಂಕಿಯನ್ನು ಗೋಡೌನ್ ಅಂಕಿಗೆ ಹೊಂದಿಸುವ ನಮೂದು) ಹಾಕುತ್ತಾರೆ, ಲೆಕ್ಕ ಸರಿಕಾಣುತ್ತದೆ, ಕಾರಣ ಮುಚ್ಚಿಹೋಗುತ್ತದೆ, ಮುಂದಿನ ತಿಂಗಳು ಮತ್ತೆ ಅದೇ. ಕಡಿಯಬೇಕಾದದ್ದು ಈ ಸುತ್ತನ್ನು.

ಮೊದಲು ಅಡ್ಜಸ್ಟ್‌ಮೆಂಟ್ ಅನುಮತಿ ಮ್ಯಾನೇಜರ್ ಒಬ್ಬರಿಗೇ ಕೊಡಿ, ಕಾರಣದ ಕಾಲಂ ಕಡ್ಡಾಯ ಮಾಡಿ. ಆಮೇಲೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ, ಒಳಹೊಟ್ಟು ಇನ್ನೂ ಇರುವ ಕಾಫಿ ಬೀಜ) ಒಳಬರುವಾಗ ತೂಕದ ಜತೆ ತೇವಾಂಶವೂ ಕಡ್ಡಾಯ: 12% ತೇವಾಂಶದ 1,000 ಕೆ.ಜಿ. ಮಾಲು 10%ಕ್ಕೆ ಒಣಗಿದರೆ ಉಳಿಯುವುದು ಸುಮಾರು 978 ಕೆ.ಜಿ. ಕಡಿಮೆಯಾದದ್ದು ಕಳುವೂ ಅಲ್ಲ, ಸಾಫ್ಟ್‌ವೇರ್ ದೋಷವೂ ಅಲ್ಲ. ಹಲ್ಲಿಂಗ್ (ಆ ಹೊಟ್ಟು ಬಿಡಿಸುವುದು) ಆದಮೇಲೆ ಮತ್ತೊಮ್ಮೆ ತೂಕ. ಕ್ರಮ ಹಿಂದುಮುಂದಾಗಬಾರದು, ಎಂಟ್ರಿ ಬಿಗಿ ಮಾಡದೆ ತೇವಾಂಶ ಸೇರಿಸಿದರೆ ಹಳೇ ಲೆಕ್ಕವೇ ಮುಂದುವರಿಯುತ್ತದೆ.